ಹೆಗಲಿಗೆ ಒಗ್ಗುವ ಕೋವಿ: ಸಣ್ಣ ಮೈಕಟ್ಟಿನ ಮಕ್ಕಳಿಗೆ ಜಿಂಕೆ ರೈಫಲ್ ಆರಿಸುವುದು ಹೇಗೆ

ಶಾಲೆ ಶುರುವಾಗುವ ಮುಂಚೆ ಯೂನಿಫಾರ್ಮ್ ಹೊಲಿಸುವಾಗ ನಮ್ಮ ಮನೆಗಳಲ್ಲಿ ಒಂದು ಮಾತು ಇದ್ದೇ ಇರುತ್ತಿತ್ತು. "ಬೆಳೆಯೋ ಮಗು, ಸ್ವಲ್ಪ ದೊಡ್ಡದೇ ಇರಲಿ." ಬಟ್ಟೆಗೆ ಅದು ಸರಿ. ತೋಳು ಮಡಚಬಹುದು, ಲಂಗದ ಅಂಚು ಒಳಗೆ ಹೊಲಿಯಬಹುದು. ರೈಫಲ್‌ಗೂ ಇದೇ ಲೆಕ್ಕ ಹಾಕಿದರೆ ಮಗು ಮೊದಲ ದಿನವೇ ಹೆದರುತ್ತದೆ. ಆ ಹೆದರಿಕೆ ಬಿಡಿಸಲು ತಿಂಗಳುಗಟ್ಟಲೆ ಬೇಕು.

ನಾವಿರುವುದು ಟೆಕ್ಸಸ್‌ನಲ್ಲಿ, ಆಸ್ಟಿನ್ ಹತ್ತಿರ. ನಾನು ಹುಟ್ಟಿದ್ದು ವಿರಾಜಪೇಟೆ ಕಡೆ. ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ ಮಾಡುವುದು, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದು, ಇದನ್ನೆಲ್ಲ ನೋಡಿಕೊಂಡೇ ಬೆಳೆದೆ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ನಿಂತಿತು, ಹಾಗಾಗಿ ನನಗೆ ಬೇಟೆ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆಯೇ. ಲಾನೋ, ಮೇಸನ್ ಕಡೆಯ ಹಿಲ್ ಕಂಟ್ರಿಯಲ್ಲಿ ವೈಟ್‌ಟೇಲ್ ಜಿಂಕೆ ತುಂಬಾ ಇವೆ. ಸೀಸನ್ ಇದೆ, ಲೈಸೆನ್ಸ್ ಇದೆ, ಒಬ್ಬರು ಇಷ್ಟೇ ಹೊಡೆಯಬೇಕು ಅನ್ನುವ ಮಿತಿ ಇದೆ. 17 ತುಂಬದ ಮಕ್ಕಳಿಗೆ ಅಂತಲೇ ಬೇರೆ ದಿನಗಳೂ ಇವೆ. ಮಗಳಿಗೆ 11 ಆದಾಗ ತಾನೂ ಬರುತ್ತೇನೆ ಅಂದಳು. ಎತ್ತರ 4 ಅಡಿ 7 ಇಂಚು, ತೂಕ 72 ಪೌಂಡ್.

ಅಂಗಡಿಗೆ ಹೋದೆವು. ಅಲ್ಲಿದ್ದವರು ಹಗುರವಾದ .308 ರೈಫಲ್ ಒಂದನ್ನು ಕೈಗಿಟ್ಟು, "ತೂಕ ಕಡಿಮೆ, ಮಗುವಿಗೆ ಇದೇ ಒಳ್ಳೆಯದು, ಬೆಳೆದ ಮೇಲೂ ಬಳಸಬಹುದು" ಅಂದರು. ನನಗೂ ಸರಿ ಅನಿಸಿತು. ರೇಂಜ್‌ನಲ್ಲಿ ಮೂರನೇ ಗುಂಡಿಗೆ ಅವಳು ಕಣ್ಣು ಮುಚ್ಚಿಕೊಂಡು ಟ್ರಿಗರ್ ಎಳೆಯುತ್ತಿದ್ದಳು. ನಾಲ್ಕನೆಯದು ಬೇಡ ಅಂದಳು. ಮನೆಗೆ ಬಂದು ನೋಡಿದರೆ ತೋಳಿನ ಮೇಲ್ಭಾಗ ನೀಲಿಗಟ್ಟಿತ್ತು. ಹೆಗಲಲ್ಲ, ತೋಳು. ಅಲ್ಲೇ ಇತ್ತು ಉತ್ತರ. ಸ್ಟಾಕ್ (ಕೋವಿಯ ಹಿಂಬದಿಯ ಹಿಡಿ) ಉದ್ದ ಜಾಸ್ತಿಯಾಗಿ ಬಟ್ (ಅದರ ಹೆಗಲಿಗೆ ತಾಗುವ ತುದಿ) ಹೆಗಲಿನ ಗುಳಿಯಲ್ಲಿ ಕೂರದೆ ತೋಳಿಗೆ ಜಾರಿತ್ತು, ಅದರ ಮೇಲೆ ಹಗುರ ಕೋವಿಯ ಪೂರ್ತಿ ಒದೆತ (ಗುಂಡು ಹಾರುವಾಗ ಕೋವಿ ಹಿಂದಕ್ಕೆ ಕೊಡುವ ಪೆಟ್ಟು) ಬಿದ್ದಿತ್ತು. ಎರಡೂ ತಪ್ಪು ಒಟ್ಟಿಗೆ.

ಅದಕ್ಕೇ ಹೇಳುತ್ತೇನೆ, ಕ್ಯಾಲಿಬರ್ (.308, .243 ಅನ್ನುವ ಗುಂಡಿನ ಅಳತೆ) ಮಾತು ಆಮೇಲೆ ಆಡೋಣ. ಮೊದಲು ಅಳತೆ.

ಟ್ರಿಗರ್‌ನಿಂದ ಬಟ್‌ನ ತುದಿವರೆಗಿನ ಉದ್ದಕ್ಕೆ ಇಲ್ಲಿ ಲೆಂಗ್ತ್ ಆಫ್ ಪುಲ್ ಅಂತಾರೆ. ದೊಡ್ಡವರ ರೈಫಲ್‌ಗಳಲ್ಲಿ ಇದು ಸಾಮಾನ್ಯವಾಗಿ ಹದಿಮೂರೂವರೆ ಇಂಚಿನ ಮೇಲೆಯೇ ಇರುತ್ತದೆ. ನನ್ನ ಮಗಳಂಥ ಮಗುವಿಗೆ 12ರಿಂದ ಹನ್ನೆರಡೂವರೆ ಬೇಕು. ಅಳೆಯುವುದು ಸುಲಭ. ಕೋವಿ ಖಾಲಿ ಇದೆಯಾ ಅಂತ ನೀವು ನೋಡಿ, ಮಗುವಿಗೂ ತೋರಿಸಿ, ಬೋಲ್ಟ್ (ತೋಟಾ ಹಾಕುವ ಜಾಗದ ಅಗುಳಿ) ತೆರೆದೇ ಇಡಿ. ಮೊಣಕೈ ಲಂಬ ಕೋನಕ್ಕೆ ಮಡಚಿಸಿ, ಬಟ್ ಅನ್ನು ಮೊಣಕೈ ಸಂದಿಗೆ ಇಡಿ. ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್‌ಗೆ ಆರಾಮಾಗಿ ಮುಟ್ಟಬೇಕು. ಇದು ಒರಟು ಅಳತೆ ಅಷ್ಟೇ. ನಿಜವಾದ ಪರೀಕ್ಷೆ ಹೆಗಲ ಮೇಲೆ. ಮಗು ಕಣ್ಣು ಮುಚ್ಚಿಕೊಂಡು ಕೋವಿಯನ್ನು ಹೆಗಲಿಗೆ ಏರಿಸಿ, ಕೆನ್ನೆ ಒರಗಿಸಿ, ಆಮೇಲೆ ಕಣ್ಣು ತೆರೆಯಲಿ. ಸ್ಕೋಪ್‌ನಲ್ಲಿ (ಕೋವಿ ಮೇಲಿನ ಗುರಿ ದುರ್ಬೀನಿನಲ್ಲಿ) ಪೂರ್ತಿ ದುಂಡನೆಯ ಚಿತ್ರ ಕಂಡರೆ ಸರಿ. ಕತ್ತು ಚಾಚಬೇಕಾಗಿ ಬಂದರೆ, ಅಥವಾ ಭಾರ ತಡೆಯಲು ಸೊಂಟದಿಂದ ಹಿಂದಕ್ಕೆ ವಾಲಿದರೆ, ಕೋವಿ ಉದ್ದ ಅಂತ ಅರ್ಥ. ಮೂಗಿಗೂ ಹಿಡಿತದ ಹೆಬ್ಬೆರಳಿಗೂ ನಡುವೆ ಎರಡು ಬೆರಳಗಲ ಜಾಗ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಗಿಡ್ಡ ಆಯಿತು, ಒದ್ದಾಗ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ.

ಇದನ್ನೆಲ್ಲ ಬೇಟೆಗೆ ಹಾಕುವ ಜಾಕೆಟ್ ತೊಟ್ಟೇ ನೋಡಿ. ಅಂಗಡಿಯಲ್ಲಿ ಟೀ ಶರ್ಟ್ ಮೇಲೆ ಸರಿಹೋದದ್ದು ಜನವರಿ ಬೆಳಗಿನ ಚಳಿಯಲ್ಲಿ ಅರ್ಧ ಇಂಚು ಉದ್ದ ಆಗಿರುತ್ತದೆ. ಮಿನ್ನೆಸೋಟಾ, ವಿಸ್ಕಾನ್ಸಿನ್ ಕಡೆ ಇರುವವರಿಗೆ ಇನ್ನೂ ಜಾಸ್ತಿ.

ಯಾವ ಕಣ್ಣು ಗಟ್ಟಿ, ಅಂದರೆ ಗುರಿ ಹಿಡಿಯಲು ಮಗು ತಾನಾಗಿಯೇ ಬಳಸುವ ಕಣ್ಣು ಯಾವುದು ಅಂತಲೂ ನೋಡಿಬಿಡಿ. ಎರಡೂ ಕೈ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ಬಲ್ಬ್ ಒಂದನ್ನು ಆ ಕಿಂಡಿಯಲ್ಲಿ ನೋಡಲು ಹೇಳಿ. ಒಂದೊಂದೇ ಕಣ್ಣು ಮುಚ್ಚಿಸಿ. ಯಾವ ಕಣ್ಣಿಗೆ ಬಲ್ಬ್ ಕಾಣುತ್ತಲೇ ಇರುತ್ತದೋ ಅದು ಗಟ್ಟಿ ಕಣ್ಣು. ಬಲಗೈ ಮಗುವಿಗೆ ಎಡಗಣ್ಣು ಗಟ್ಟಿ ಇರುವುದು ಅಪರೂಪವೇನಲ್ಲ. ಹೊಸದಾಗಿ ಕಲಿಯುವವರು ಆ ಕಣ್ಣಿನ ಕಡೆಯ ಹೆಗಲಲ್ಲೇ ಕಲಿಯುವುದು ಒಳ್ಳೆಯದು, ಎಡಗೈಗೆ ಅಂತ ಮಾಡಿದ ರೈಫಲ್‌ಗಳೂ ಸಿಗುತ್ತವೆ.

ಈಗ ಒದೆತ. ಇದನ್ನು ಅಡಿ-ಪೌಂಡ್‌ನಲ್ಲಿ ಅಳೆಯುತ್ತಾರೆ. ಏಳೂವರೆ, ಎಂಟು ಪೌಂಡ್ ತೂಗುವ ರೈಫಲ್‌ನಲ್ಲಿ .243 ವಿಂಚೆಸ್ಟರ್ ಸುಮಾರು 9, 7ಎಂಎಂ-08 ಸುಮಾರು 12, .308 ಸುಮಾರು 16, .30-06 ಸುಮಾರು 20. ಅದೇ ತೋಟಾವನ್ನು ಆರು ಪೌಂಡ್ ರೈಫಲ್‌ಗೆ ಹಾಕಿದರೆ ಪೆಟ್ಟು ಇನ್ನೂ ಜೋರು. ನಮ್ಮ ಅಂಗಡಿಯವರು ಹೇಳದೆ ಬಿಟ್ಟಿದ್ದು ಇದನ್ನೇ. ಹಗುರ ಕೋವಿ ಹೊರಲು ಸುಖ, ಹೊಡೆಯಲು ಕಷ್ಟ. ಬೆಟ್ಟ ಹತ್ತಿ ಬೇಟೆಯಾಡುವ ಕೊಲೊರಾಡೋದಲ್ಲಿ ತೂಕದ ಬಗ್ಗೆ ಯೋಚಿಸಲೇಬೇಕು. ಟೆಕ್ಸಸ್‌ನಲ್ಲಿ ನಾವು ಹೆಚ್ಚಾಗಿ ಬ್ಲೈಂಡ್ (ಮರೆಯಾಗಿ ಕೂರುವ ಸಣ್ಣ ಗೂಡು) ಒಳಗೆ ಕೂತು, ಕಿಟಕಿ ಮೇಲೆ ಅಥವಾ ಟ್ರೈಪಾಡ್ ಮೇಲೆ ಒರಗಿಸಿ ಹೊಡೆಯುತ್ತೇವೆ. ಹಾಗಿರುವಾಗ ಸ್ಕೋಪ್ ಸೇರಿ ಏಳೂವರೆ ಪೌಂಡ್ ಇದ್ದರೆ ಏನೂ ತೊಂದರೆ ಇಲ್ಲ, ಅದು ಒಳ್ಳೆಯದೇ. ನಳಿಗೆ ಮಾತ್ರ 18ರಿಂದ 20 ಇಂಚು ಸಾಕು. ಅದಕ್ಕಿಂತ ಉದ್ದ ಇದ್ದರೆ ಮುಂಭಾರ ಆಗುತ್ತದೆ, ಸಣ್ಣ ತೋಳು ಬೇಗ ನಡುಗುತ್ತದೆ.

ಕ್ಯಾಲಿಬರ್ ಅಂತ ಕೇಳಿದರೆ ನನ್ನ ಉತ್ತರ .243. 1955ರಿಂದ ಇದೆ, ಎಲ್ಲಾ ಅಂಗಡಿಯಲ್ಲೂ ತೋಟಾ ಸಿಗುತ್ತದೆ, ನಮ್ಮ ಕಡೆಯ ಜಿಂಕೆಗೆ 150 ಗಜದೊಳಗೆ ಧಾರಾಳ ಸಾಕು. ಆದರೆ ಗುಂಡು ನೋಡಿ ತಗೊಳ್ಳಿ. 95, 100 ಗ್ರೇನ್‌ನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಜಿಂಕೆ ಗುಂಡು, ಇಲ್ಲವೇ 80, 85 ಗ್ರೇನ್‌ನ ಪೂರ್ತಿ ತಾಮ್ರದ್ದು. 55 ಗ್ರೇನ್ ಆಸುಪಾಸಿನ ಗುಂಡುಗಳು ಸಣ್ಣ ಪ್ರಾಣಿಗಳಿಗಾಗಿ ಮಾಡಿದವು. ಜಿಂಕೆಯ ಭುಜದ ಮೂಳೆಗೆ ತಾಗಿ ಮೇಲೆಯೇ ಪುಡಿಯಾದರೆ ಪ್ರಾಣಿ ಗಾಯಗೊಂಡು ಓಡುತ್ತದೆ, ಮಗು ಅದನ್ನು ಜನ್ಮದಲ್ಲಿ ಮರೆಯುವುದಿಲ್ಲ. ಮುಂದೆ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಯ ಆಸೆ ಇದ್ದರೆ 7ಎಂಎಂ-08 ಅಥವಾ 6.5 ಕ್ರೀಡ್‌ಮೋರ್ ತಗೊಂಡು, ಶುರುವಿಗೆ ಹಾರ್ನಡಿ ಕಸ್ಟಮ್ ಲೈಟ್‌ನಂಥ ಕಡಿಮೆ ಒದೆತದ ತೋಟಾ ಹಾಕಬಹುದು. .223 ಇನ್ನೂ ಮೆತ್ತಗೆ ಒದೆಯುತ್ತದೆ, ನಿಜ. ಆದರೆ ಕೆಲವು ರಾಜ್ಯಗಳಲ್ಲಿ ಜಿಂಕೆಗೆ ಅದನ್ನು ಬಳಸಲು ಒಪ್ಪಿಗೆಯಿಲ್ಲ. ಕೊಲೊರಾಡೋದಲ್ಲಿ ಕನಿಷ್ಠ .24 ಕ್ಯಾಲಿಬರ್ ಇರಬೇಕು. ಒಪ್ಪಿಗೆ ಇರುವ ಕಡೆಯೂ ಹೊಸಬರ ಕೈಗೆ ನಾನಂತೂ ಕೊಡುವುದಿಲ್ಲ, ಸ್ವಲ್ಪ ಗುರಿ ತಪ್ಪಿದರೂ ಅದು ಕ್ಷಮಿಸುವುದಿಲ್ಲ.

ನಳಿಗೆ ತುದಿಗೆ ಮಝಲ್ ಬ್ರೇಕ್ ಅನ್ನುವ ತೂತುಗಳ ಕೊಳವೆ ಹಾಕಿ ಒದೆತ ತಗ್ಗಿಸಿ ಅಂತ ಕೆಲವರು ಹೇಳುತ್ತಾರೆ. ಬೇಡ. ಅದು ಸದ್ದನ್ನು ಹೊಡೆಯುವವರ ಕಡೆಗೇ ತಿರುಗಿಸುತ್ತದೆ. ಮಕ್ಕಳು ಬೆಚ್ಚುವುದು ಒದೆತಕ್ಕಿಂತ ಸದ್ದಿಗೇ ಜಾಸ್ತಿ. ರೈಫಲ್ ಸದ್ದು 160 ಡೆಸಿಬಲ್ ಆಸುಪಾಸು, ಒಂದೇ ಸಲಕ್ಕೆ ಕಿವಿಗೆ ಹಾನಿ ಆಗುವಷ್ಟು. ಕಿವಿಯೊಳಗೆ ಪ್ಲಗ್, ಅದರ ಮೇಲೆ ಕಿವಿ ಮುಚ್ಚುವ ಮಫ್, ಎರಡೂ ಹಾಕಿಸಿ. ಮಫ್ ಮಕ್ಕಳ ತಲೆಯ ಅಳತೆಯದೇ ಇರಲಿ, ದೊಡ್ಡವರದ್ದು ಸಡಿಲ ಕೂತು ಸದ್ದು ಒಳಗೆ ಬಿಡುತ್ತದೆ.

ಮಾಡೆಲ್‌ಗಳ ವಿಷಯ. ನಾವು ಕೊನೆಗೆ ತಂದಿದ್ದು ಮಾಸ್‌ಬರ್ಗ್ ಪೇಟ್ರಿಯಟ್ ಯೂತ್ ಸೂಪರ್ ಬ್ಯಾಂಟಮ್. ಸ್ಪೇಸರ್ (ಸ್ಟಾಕ್ ಉದ್ದ ಮಾಡುವ ತುಂಡು) ತೆಗೆದರೆ ಸ್ಟಾಕ್ 12 ಇಂಚು, ಹಾಕಿದರೆ 13. ರೂಗರ್ ಅಮೆರಿಕನ್ ಕಾಂಪ್ಯಾಕ್ಟ್ ಕೂಡ ನೋಡಿದ್ದೆವು, 18 ಇಂಚಿನ ನಳಿಗೆ, ಹನ್ನೆರಡೂವರೆ ಇಂಚಿನ ಸ್ಟಾಕ್, ಕೈಯಲ್ಲಿ ಚೆನ್ನಾಗಿ ಕೂರುತ್ತದೆ. ಸ್ಯಾವೇಜ್ ಆಕ್ಸಿಸ್‌ನಲ್ಲೂ ಚಿಕ್ಕ ಅಳತೆಯದು ಇದೆ. ಜಾಸ್ತಿ ದುಡ್ಡು ಹಾಕುವವರಿಗೆ ಬ್ರೌನಿಂಗ್ ಮೈಕ್ರೋ ಮೈಡಸ್ ಇದೆ. ಹೆಂಗಸರಿಗೆ ಅಂತ ಮಾಡಿದ ವೆದರ್ಬಿ ಕ್ಯಾಮಿಲ್ಲಾ, 13 ಇಂಚಿನದು, ಸ್ವಲ್ಪ ಎತ್ತರದ ಹುಡುಗಿಯರಿಗೆ ಸರಿ. ಮುಂದೆ ಸ್ಟಾಕ್ ಉದ್ದ ಮಾಡಲು ಬರುತ್ತದಾ ಅಂತ ಕೇಳಿ, ಬಂದರೆ ಅದಕ್ಕೇ ನನ್ನ ಓಟು.

ಯಾವುದೇ ಆಗಲಿ, ಬೋಲ್ಟ್ ಆಕ್ಷನ್ (ಪ್ರತಿ ಸಲ ಕೈಯಿಂದ ಬೋಲ್ಟ್ ಎಳೆದು ತೋಟಾ ಏರಿಸುವಂಥದ್ದು) ತಗೊಳ್ಳಿ. ಕೈಯಿಂದ ಹ್ಯಾಮರ್ ಎಳೆಯುವ ಒಂಟಿ ತೋಟಾ ಕೋವಿ ಸರಳ ಅನಿಸುತ್ತದೆ, ಆದರೆ ಹೊಡೆಯದೆ ಬಿಟ್ಟಾಗ ಆ ಹ್ಯಾಮರನ್ನು ನಿಧಾನ ಇಳಿಸಬೇಕಲ್ಲ, ಚಳಿಗೆ ಮರಗಟ್ಟಿದ ಪುಟ್ಟ ಹೆಬ್ಬೆರಳು ಜಾರಿದರೆ? ಬೋಲ್ಟ್ ರೈಫಲ್‌ನಲ್ಲೂ ಒಂದೊಂದೇ ತೋಟಾ ಹಾಕಿ ಕಲಿಸಬಹುದು. ಸೇಫ್ಟಿ ಹಾಕಿರುವಾಗಲೇ ಬೋಲ್ಟ್ ತೆರೆದು ತೋಟಾ ಹೊರತೆಗೆಯಲು ಬರುವಂಥದ್ದಾದರೆ ಇನ್ನೂ ನೆಮ್ಮದಿ. ಸ್ಕೋಪ್ 2-7 ಅಥವಾ 3-9 ಪಟ್ಟು ದೊಡ್ಡದಾಗಿ ತೋರಿಸುವುದು ಸಾಕು, ಕಣ್ಣಿಗೂ ಗಾಜಿಗೂ ಮೂರೂವರೆ ಇಂಚಿನಷ್ಟು ಅಂತರ ಸಿಗಬೇಕು. ಇಲ್ಲದಿದ್ದರೆ ಹುಬ್ಬಿಗೆ ಬಡಿದು ರಕ್ತ ಬರುತ್ತದೆ.

ನಮ್ಮವರಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ಕಾನೂನು. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಕೋವಿ ಕೊಳ್ಳುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಫೆಡರಲ್ ಕಾನೂನಿನಲ್ಲಿ ನಿಷೇಧ. ವಿನಾಯಿತಿಗಳಿವೆ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಅದರಲ್ಲಿ ಒಂದು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಇಲ್ಲ. ವೀಸಾದಲ್ಲಿದ್ದರೆ ವಕೀಲರನ್ನು ಕೇಳಿಯೇ ಹೆಜ್ಜೆ ಇಡಿ, ಅಂಗಡಿಯವರ ಮಾತು ಸಾಲದು. ಇನ್ನು ಟೆಕ್ಸಸ್‌ನಲ್ಲಿ 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರೆಲ್ಲರಿಗೂ ಹಂಟರ್ ಎಜುಕೇಶನ್ (ಬೇಟೆ ಸುರಕ್ಷತೆಯ ಕೋರ್ಸ್) ನಿಯಮ ಅನ್ವಯಿಸುತ್ತದೆ. 9 ತುಂಬಿದ ಮಕ್ಕಳು ಆ ಕೋರ್ಸ್ ಮಾಡಬಹುದು. ನಾನೂ ಮಗಳ ಜೊತೆಗೇ ಕೂತು ಮಾಡಿದೆ. ಮಕ್ಕಳ ಕೈಗೆ ಸಿಗುವಂತೆ ತುಂಬಿದ ಕೋವಿ ಬಿಡುವುದು ಇಲ್ಲಿ ಅಪರಾಧ. ಕೋವಿ ಬೀಗದೊಳಗೆ, ತೋಟಾ ಬೇರೆ ಬೀಗದೊಳಗೆ, ಎರಡರ ಕೀಲಿಯೂ ನಿಮ್ಮ ಹತ್ತಿರ. ಮಗು ಎಷ್ಟೇ ಜವಾಬ್ದಾರಿಯವಳಾಗಿರಲಿ.

ಕೋವಿ ಮನೆಗೆ ಬಂದ ತಕ್ಷಣ ಹೊಡೆಯಲು ಕೊಡಬೇಡಿ. ಮೊದಲು .22, ಅಂದರೆ ಒದೆತ ಇಲ್ಲವೇ ಇಲ್ಲ ಅನ್ನುವಂಥ ಸಣ್ಣ ತೋಟಾದ ರೈಫಲ್. ನೂರಾರು ತೋಟಾ, ಎಷ್ಟು ಬೇಕೋ ಅಷ್ಟು. ಬೆಚ್ಚುವ ಅಭ್ಯಾಸ ಹೋಗಲು ಮಗಳು ನಾಲ್ಕು ತಿಂಗಳು .22 ಒಂದೇ ಹೊಡೆದಳು. ಆಮೇಲೆ .243, ದಿನಕ್ಕೆ ಹತ್ತು ಹನ್ನೆರಡು, ಅಷ್ಟೇ. ಶುರು 25 ಗಜದಿಂದ. ನಡುವೆ ಅವಳಿಗೆ ಗೊತ್ತಾಗದ ಹಾಗೆ ನಾನು ಡಮ್ಮಿ (ಸಿಡಿಯದ) ತೋಟಾ ಹಾಕುತ್ತಿದ್ದೆ. ಟ್ರಿಗರ್ ಎಳೆದಾಗ ನಳಿಗೆ ಅಲುಗಾಡದಿದ್ದರೆ ಹೆದರಿಕೆ ಇಲ್ಲ, ಕೆಳಕ್ಕೆ ಕುಕ್ಕಿದರೆ ಇನ್ನೂ ಇದೆ. ಆ ದಿನ ಅಲ್ಲಿಗೆ ನಿಲ್ಲಿಸಿ ಮತ್ತೆ .22. ಬೆಂಚ್ ಮೇಲೆ ಬಗ್ಗಿ ಹೊಡೆದಾಗ ಒದೆತ ಜೋರಾಗಿ ತಾಗುತ್ತದೆ, ನೆಟ್ಟಗೆ ಕೂತೋ ನಿಂತೋ ಹೊಡೆದರೆ ಮೈ ಅದರ ಜೊತೆ ಹಿಂದೆ ಸರಿಯುತ್ತದೆ. ಸ್ಕೋಪ್ ಸರಿಹೊಂದಿಸುವ ಕೆಲಸ ನೀವೇ ಬೆಂಚ್ ಮೇಲೆ ಕೂತು ಮುಗಿಸಿ. ಬೇಟೆಗೆ ಎಷ್ಟು ದೂರ ಅಂತ ತೀರ್ಮಾನಿಸಲು ಆರು ಇಂಚಿನ ಪೇಪರ್ ಪ್ಲೇಟ್ ಇಡಿ. ಬ್ಲೈಂಡ್‌ನಲ್ಲಿ ಕೂರುವ ಹಾಗೇ ಕೂತು ಪ್ರತಿ ಸಲವೂ ಅದಕ್ಕೆ ತಾಗಿಸುವ ದೂರವೇ ಅವಳ ಮಿತಿ. ನಮ್ಮದು ಮೊದಲ ವರ್ಷ 80 ಗಜ. ಅದಕ್ಕಿಂತ ದೂರದ ಜಿಂಕೆಗೆ ಕೋವಿ ಎತ್ತಲಿಲ್ಲ.

ಆರು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಹೆಬ್ಬೆರಳು ಮೂಗಿನ ಹತ್ತಿರ ಬರಲು ಶುರುವಾದರೆ ಸ್ಪೇಸರ್ ಹಾಕುವ ಸಮಯ ಆಯಿತು. ಸ್ಪೇಸರ್ ಹಾಕಿದ ಮೇಲೆ ಕಣ್ಣು ಹಿಂದೆ ಸರಿಯುತ್ತದೆ, ಸ್ಕೋಪನ್ನೂ ಅಷ್ಟೇ ಹಿಂದಕ್ಕೆ ತಂದು ಕೂರಿಸಿ. ಸ್ಕೋಪ್ ಕದಲಿದ ಮೇಲೆ ಹಳೆಯ ಗುರಿ ನಿಲ್ಲುವುದಿಲ್ಲ, ಹಾಗಾಗಿ ಮತ್ತೆ 25 ಗಜದಿಂದಲೇ ಹೊಡೆದು ನೋಡಿಕೊಂಡು 100 ಗಜಕ್ಕೆ ಹೋಗಬೇಕು.