ಬಾವು ಇಳಿದ ಮೇಲೂ ಗುಳಿಗೆ ಯಾಕೆ ಬೇಕು?

ಲೂಪಸ್ ಅಂದರೆ ದೇಹದ ರಕ್ಷಣಾ ಶಕ್ತಿಯೇ ತನ್ನ ಮೈಯ ಮೇಲೆ ತಿರುಗಿಬೀಳುವ ರೋಗ. ಅದರಿಂದ ಕಿಡ್ನಿ ಕೆಟ್ಟವರಿಗೆ ಔಷಧಿ ಶುರು ಮಾಡುವುದು ದೊಡ್ಡ ಕಷ್ಟವೇನಲ್ಲ. ಆರಾಮ ಅನಿಸಿದ ಮೇಲೂ ಅದನ್ನು ಬಿಡದಂತೆ ನೋಡಿಕೊಳ್ಳುವುದಿದೆಯಲ್ಲ, ಕಲಬುರಗಿಯಲ್ಲಿ ಕಿಡ್ನಿ ಡಾಕ್ಟರಾಗಿ ನನ್ನ ಹೆಚ್ಚಿನ ಶ್ರಮ ಹೋಗುವುದು ಅಲ್ಲಿಗೇ.

ಆಳಂದ, ಸೇಡಂ, ಚಿಂಚೋಳಿ ಕಡೆಯಿಂದ ಬರುವವರಲ್ಲಿ ಹರೆಯದ ಹೆಣ್ಣುಮಕ್ಕಳೇ ಜಾಸ್ತಿ. ಕೀಲು ನೋವಿಗೆ ಊರಲ್ಲೇ ನೋವಿನ ಗುಳಿಗೆ ನುಂಗಿರುತ್ತಾರೆ. ಅದನ್ನು ಮೊದಲು ಬಿಡಿಸುತ್ತೇನೆ, ಕಿಡ್ನಿಗೆ ಅದು ಇನ್ನೊಂದು ಪೆಟ್ಟು. ಕಿಡ್ನಿಯ ಸಣ್ಣ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ಮೂರನೇ ಅಥವಾ ನಾಲ್ಕನೇ ಕ್ಲಾಸ್, ಅಂದರೆ ಉರಿಯೂತ ಜೋರಿರುವ ಬಗೆ, ಅಂತ ಬಂದರೆ 3 ದಿನ ಸ್ಟೀರಾಯ್ಡನ್ನು ನರಕ್ಕೆ ಕೊಡುತ್ತೇವೆ, ಆಮೇಲೆ ಗುಳಿಗೆ. ಜೊತೆಗೆ ಆ ರಕ್ಷಣಾ ಶಕ್ತಿಯ ಜೋರು ತಗ್ಗಿಸುವ ಮೈಕೋಫೆನೊಲೇಟ್ ಗುಳಿಗೆ, ದಿನಕ್ಕೆ 2ರಿಂದ 3 ಗ್ರಾಂ. ಹೊಟ್ಟೆ ಕೆಡದಿರಲಿ ಎಂದು ಕಡಿಮೆಯಿಂದ ಶುರು ಮಾಡಿ ಏರಿಸುತ್ತೇನೆ. ಅಷ್ಟು ಗುಳಿಗೆಯ ಖರ್ಚು ತಾಳಲಾಗದವರಿಗೆ ಅದೇ ಕೆಲಸ ಮಾಡುವ ಸೈಕ್ಲೋಫಾಸ್ಫಮೈಡ್ ಇಂಜೆಕ್ಷನ್, 2 ವಾರಕ್ಕೊಮ್ಮೆ 500 ಮಿಲಿಗ್ರಾಂ, ಒಟ್ಟು 6 ಸಲ. ಲೂಪಸ್ ಹತೋಟಿಯಲ್ಲಿಡುವ ಹೈಡ್ರಾಕ್ಸಿಕ್ಲೋರೊಕ್ವಿನ್ ಗುಳಿಗೆ ಹೆಚ್ಚುಕಡಿಮೆ ಎಲ್ಲರಿಗೂ ಇರುತ್ತದೆ. ಅದು ಕಣ್ಣಿಗೆ ತೊಂದರೆ ಕೊಡಬಹುದು, ಹಾಗಾಗಿ ಕಣ್ಣಿನ ತಪಾಸಣೆಯೂ ಅದರ ಜೊತೆಗೇ.

ಮುಖ, ಕಾಲಿನ ಬಾವು ಇಳಿಯುತ್ತಿದ್ದಂತೆ ಮನೆಯವರ ಪ್ರಶ್ನೆ ಬರುತ್ತದೆ: "ಸಾಹೇಬ್ರ, ಆರಾಮ ಆಗ್ಯಾದ್ರಿ. ಇನ್ನಾ ಎಷ್ಟು ದಿನ ಗುಳಿಗಿ ನುಂಗಬೇಕ್ರಿ?"

ಸುಮ್ನೆ ಬಾಯಲ್ಲಿ ಹೇಳಿದರೆ ಮನಸ್ಸಿಗೆ ಇಳಿಯುವುದಿಲ್ಲ. ಅವರೆದುರೇ ಟೆಸ್ಟ್ ಟ್ಯೂಬಿನಲ್ಲಿ ಮುಕ್ಕಾಲು ಭಾಗ ಮೂತ್ರ ತೆಗೆದುಕೊಳ್ಳುತ್ತೇನೆ. ಸ್ಪಿರಿಟ್ ದೀಪಕ್ಕೆ ವಾರೆಯಾಗಿ ಹಿಡಿದು ಮೇಲಿನ ಭಾಗವನ್ನಷ್ಟೇ ಕಾಯಿಸುತ್ತೇನೆ. ಮೇಲೆ ಬೆಳ್ಳಗೆ ಮಬ್ಬಾಗುತ್ತದೆ, ಕೆಳಗೆ ತಿಳಿಯಾಗೇ ಇರುತ್ತದೆ. ಕೆಲವು ಹನಿ ಅಸಿಟಿಕ್ ಆಸಿಡ್ ಬಿಟ್ಟರೂ ಆ ಬಿಳುಪು ಹೋಗದಿದ್ದರೆ ಅದು ಪ್ರೋಟೀನ್. "ತಂಗೀ, ತತ್ತಿ ಕುದಿಸಿದ್ರ ಬೆಳ್ಳಗಾಗ್ತದಲ್ಲ, ಇದೂ ಹಂಗೇ. ನಿನ್ನ ಮೈಯಾಗ ಇರಬೇಕಾದ್ದು ಸೋರಿ ಹೋಗಾಕತ್ತದ" ಎನ್ನುತ್ತೇನೆ. ಹುಡುಗಿಗಿಂತ ಮೊದಲು ತಾಯಿ ಮುಂದೆ ಬಗ್ಗಿ ನೋಡುತ್ತಾಳೆ. ಎಷ್ಟು ಸೋರುತ್ತಿದೆ ಎಂಬ ಲೆಕ್ಕಕ್ಕೆ ಲ್ಯಾಬಿನ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತವೇ ಬೇಕು, ನಿಜ. ಕ್ರಿಯಾಟಿನಿನ್ ಅಂದರೆ ಮೂತ್ರದಲ್ಲಿ ಹೊರಹೋಗುವ ಒಂದು ಕಶ್ಮಲ. ಒಂದು ವರ್ಷದೊಳಗೆ ಅದು 0.5–0.7ರ ಕೆಳಗೆ ಬರಲಿ ಎಂಬುದು ನಮ್ಮ ಗುರಿ. ಬಂದ ಮೇಲೂ ಔಷಧಿ ನಿಲ್ಲುವುದಿಲ್ಲ, ಒಟ್ಟು ಕನಿಷ್ಠ 3 ವರ್ಷ ಬೇಕು. ಸ್ಟೀರಾಯ್ಡ್ ಇಳಿಸುವುದು ನಿಧಾನವಾಗಿ, ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ಬಿಸಿಲಿಗೂ ಲೂಪಸ್ ಕೆರಳುತ್ತದೆ. ತೊಗರಿ ಹೊಲಕ್ಕೆ ಹೋಗಲೇಬೇಕಾದವರಿಗೆ ತಲೆ, ತೋಳು ಮುಚ್ಚಿಕೊಂಡು ನಸುಕಿನಲ್ಲೇ ಹೋಗಿ ಬನ್ನಿ ಎನ್ನುತ್ತೇನೆ.

ಮದುವೆ ಗೊತ್ತಾದರೆ ತಪ್ಪದೇ ತಿಳಿಸಲು ಹೇಳಿರುತ್ತೇನೆ. ಮೈಕೋಫೆನೊಲೇಟ್ ಹೊಟ್ಟೆಯಲ್ಲಿರುವ ಕೂಸಿಗೆ ಕೆಡುಕು. ಬಸಿರಾಗುವುದಕ್ಕೆ ಕನಿಷ್ಠ 6 ವಾರ ಮೊದಲೇ ಅದನ್ನು ಬಿಡಿಸಿ, ಬಸಿರಿನಲ್ಲೂ ಕೊಡಬಹುದಾದ ಅಜಥಯೋಪ್ರಿನ್‌ಗೆ ಬದಲಿಸಬೇಕು. ಹೈಡ್ರಾಕ್ಸಿಕ್ಲೋರೊಕ್ವಿನ್ ಮುಂದುವರಿಯಲಿ. ಅತ್ತೆ ಮನೆಯಲ್ಲಿ ಹೇಳಲು ಅಂಜಿ ಗುಳಿಗೆಯನ್ನೇ ಬಿಟ್ಟುಬಿಡುವ ಹುಡುಗಿಯರಿದ್ದಾರೆ. ಅದಕ್ಕೇ ಆಕೆ ಒಪ್ಪಿದರೆ ಗಂಡನನ್ನೂ ಕರೆಸಿ, ಇಬ್ಬರನ್ನೂ ಕೂರಿಸಿಕೊಂಡು ಈ ಬದಲಾವಣೆ ವಿವರಿಸುತ್ತೇನೆ.