ಸೆಮಿನರಿ ಸೇರುವ ಮುನ್ನ ಆಗಬೇಕಾದ ಕೆಲಸಗಳು

ಸೆಮಿನರಿಯಲ್ಲಿ, ಎಂದರೆ ಕ್ರೈಸ್ತ ಗುರುಗಳನ್ನು ತಯಾರು ಮಾಡುವ ದೈವಶಾಸ್ತ್ರ ಕಾಲೇಜಿನಲ್ಲಿ, ಓದಬೇಕೆಂದು ಮನಸ್ಸು ಮಾಡಿದವರು ಕಾಲೇಜುಗಳ ಪ್ರಾಸ್ಪೆಕ್ಟಸ್ ತರಿಸಿಕೊಳ್ಳುವ ಮೊದಲು ತಮ್ಮ ಸಭೆಯ (ಚರ್ಚಿನ) ಅಯ್ಯನವರ, ಎಂದರೆ ಸಭಾಪಾಲಕರ, ಎದುರು ಕುಳಿತು ಮಾತನಾಡಬೇಕು. ಕಾಲೇಜು ಪದವಿ ಕೊಡುತ್ತದೆ. ಗುರುದೀಕ್ಷೆ ಕೊಡುವುದು ಮತ್ತು ಸೇವೆಗೆ ಕಳುಹಿಸುವುದು ಸಭೆ. ದಕ್ಷಿಣ ಇಂಡಿಯಾ ಸಭೆಯಲ್ಲಿ (ಸಿ.ಎಸ್.ಐ.) ಅಭ್ಯರ್ಥಿಯ ಹೆಸರು ಸಾಮಾನ್ಯವಾಗಿ ಸ್ಥಳೀಯ ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯ ಶಿಫಾರಸಿನಿಂದ ಹೊರಟು, ಬಿಷಪ್ಪರ ಆಡಳಿತದ ಪ್ರಾಂತ್ಯವಾದ ಡಯಾಸಿಸ್‌ನ ಸಂದರ್ಶನ ದಾಟಿ, ಅನಂತರವೇ ಕಾಲೇಜಿನ ಪ್ರವೇಶ ಪರೀಕ್ಷೆಯವರೆಗೆ ಹೋಗುತ್ತದೆ. ಈ ಕ್ರಮ ಬಿಟ್ಟು ಸ್ವಂತ ಖರ್ಚಿನಲ್ಲಿ ಓದಿ ಬಂದವರು ಪದವಿ ಕೈಯಲ್ಲಿ ಹಿಡಿದು ವರ್ಷಗಟ್ಟಲೆ ಕಾಯುವುದನ್ನು ನಾನು ನೋಡಿದ್ದೇನೆ.

ಕಥೋಲಿಕ ಗುರುವಾಗಬಯಸುವವರಿಗೆ ಆಯ್ಕೆಯ ಪ್ರಶ್ನೆ ಇನ್ನೂ ಬೇಗ ಎದುರಾಗುತ್ತದೆ. ಬಿಷಪ್ಪರ ಕೈಕೆಳಗೆ ಧರ್ಮಪ್ರಾಂತ್ಯದ (ಡಯಾಸಿಸ್) ಗುರುವಾಗುವುದೋ, ವ್ರತ ತೊಟ್ಟು ಒಟ್ಟಾಗಿ ಬಾಳುವವರ ಧಾರ್ಮಿಕ ಸಂಸ್ಥೆಯೊಂದನ್ನು ಸೇರುವುದೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರಗಳ ದೀರ್ಘ ಅಧ್ಯಯನವನ್ನು ಮಂಗಳೂರಿನ ಜೆಪ್ಪು ಸೆಮಿನರಿಯಲ್ಲಿ ಮಾಡಬೇಕೇ, ಬೆಂಗಳೂರಿನ ಮಲ್ಲೇಶ್ವರದ ಸಂತ ಪೇತ್ರರ ಸೆಮಿನರಿಯಲ್ಲೇ ಎಂಬುದನ್ನು ಮೇಲಧಿಕಾರಿಗಳು ನಿರ್ಧರಿಸುತ್ತಾರೆ. ಆದ್ದರಿಂದ ಇಲ್ಲಿ ಮುಂದೆ ಹೇಳುವ ಆಯ್ಕೆಯ ಮಾತು ಹೆಚ್ಚಾಗಿ ಪ್ರೊಟೆಸ್ಟಂಟ್ ಅಭ್ಯರ್ಥಿಗಳಿಗೆ ಸಂಬಂಧಿಸಿದ್ದು. ಸಿದ್ಧತೆಯ ಮಾತು ಎಲ್ಲರಿಗೂ ಸೇರಿದ್ದು.

ಪದವಿಯ ಬೆಲೆಯನ್ನು ಸೇರುವ ಮೊದಲೇ ತಿಳಿದುಕೊಳ್ಳಿ. 1818ರಲ್ಲಿ ಆರಂಭವಾಗಿ, 1827ರಲ್ಲಿ ಡೆನ್ಮಾರ್ಕ್ ದೊರೆಯ ಸನ್ನದು ಪಡೆದ ಸೆರಾಂಪುರ ಕಾಲೇಜಿನ ಪದವಿ ನೀಡುವ ಅಧಿಕಾರವನ್ನು 1918ರ ಬಂಗಾಳದ ಶಾಸನ ದೃಢಪಡಿಸಿತು. ಆ ಪದವಿಗಳನ್ನು ನೀಡುವ ಮಂಡಳಿಯಾದ ಸೆರಾಂಪುರ ಸೆನೆಟ್‌ನ ಅಡಿಯಲ್ಲೇ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು ಮತ್ತು ಮಂಗಳೂರು ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಪಾಠ ನಡೆಸುತ್ತವೆ. ಇನ್ನು ಕೆಲವು ಸೆಮಿನರಿಗಳಿಗೆ ಏಷ್ಯಾ ಥಿಯೊಲಾಜಿಕಲ್ ಅಸೋಸಿಯೇಷನ್‌ನ ಮಾನ್ಯತೆ ಇದೆ. ಅದು ವಿಶ್ವವಿದ್ಯಾಲಯವಲ್ಲ, ಶಿಕ್ಷಣದ ಗುಣಮಟ್ಟ ಪರಿಶೀಲಿಸುವ ಸಂಸ್ಥೆ. ಅಲ್ಲಿಯೂ ಒಳ್ಳೆಯ ಪಾಠ ನಡೆಯುತ್ತದೆ, ಆದರೆ ನಿಮ್ಮ ಸಭೆ ಆ ಪದವಿಯನ್ನು ದೀಕ್ಷೆಗೆ ಒಪ್ಪುತ್ತದೆಯೇ ಎಂಬುದನ್ನು ಬರಹದಲ್ಲಿ ಕೇಳಿ ಪಡೆದುಕೊಳ್ಳಿ. ಖರ್ಚು ಯಾರು ಭರಿಸುತ್ತಾರೆ, ಅದಕ್ಕೆ ಪ್ರತಿಯಾಗಿ ಎಷ್ಟು ವರ್ಷ ಸೇವೆ ಮಾಡಬೇಕು ಎಂಬುದೂ ಬರಹದಲ್ಲೇ ಇರಲಿ.

ಹೆಣ್ಣುಮಕ್ಕಳು ಇನ್ನೊಂದು ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಬೇಕು. ದಕ್ಷಿಣ ಇಂಡಿಯಾ ಸಭೆ ಮಹಿಳೆಯರಿಗೆ ದೀಕ್ಷೆ ಕೊಡುತ್ತದೆ, 2013ರಲ್ಲಿ ಇ. ಪುಷ್ಪಲಲಿತಾ ಅವರು ನಂದ್ಯಾಲದ ಬಿಷಪ್ ಆದರು. ಹಾಗಿದ್ದರೂ ನಿಮ್ಮ ಡಯಾಸಿಸ್‌ನಲ್ಲಿ ಓದು ಮುಗಿಸಿದ ಮಹಿಳೆಯರಿಗೆ ಸಭೆಯ ಹೊಣೆ ಸಿಕ್ಕಿದೆಯೇ, ಎಷ್ಟು ಜನರಿಗೆ ಸಿಕ್ಕಿದೆ ಎಂಬುದನ್ನು ಅವರಿಂದಲೇ ತಿಳಿಯಿರಿ.

ಭಾಷೆಯ ವಿಷಯದಲ್ಲಿ ನನ್ನದು ಖಚಿತವಾದ ಅಭಿಪ್ರಾಯ. ಪಾಠದ ಮಾಧ್ಯಮ ಇಂಗ್ಲಿಷ್ ಆಗಿದ್ದರೂ ಅಭ್ಯರ್ಥಿಯ ಕನ್ನಡ ಪ್ರತಿ ವರ್ಷ ಬೆಳೆಯುತ್ತಿರಬೇಕು. ಒಮ್ಮೆ ಒಂದು ಹಳ್ಳಿಯ ಸಮಾಧಿ ಸ್ಥಳದಲ್ಲಿ, ಆಗಷ್ಟೇ ಓದು ಮುಗಿಸಿ ಬಂದಿದ್ದ ಯುವ ಸಭಾಪಾಲಕರು ಆರಾಧನಾ ಕ್ರಮವನ್ನು ತಪ್ಪಿಲ್ಲದೆ ಓದಿ ಮುಗಿಸಿದರು. ಮಣ್ಣು ಹಾಕಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಸತ್ತವರ ಹೆಂಡತಿ, "ಅಯ್ಯಾ, ಅವರು ಈಗ ಎಲ್ಲಿದ್ದಾರೆ?" ಎಂದು ಕೇಳಿದರು. ಅಂತ್ಯಕಾಲದ ಬೋಧನೆಯ ಮೇಲೆ ಇಂಗ್ಲಿಷಿನಲ್ಲಿ ದೊಡ್ಡ ಪ್ರಬಂಧವನ್ನೇ ಬರೆದಿದ್ದ ಆ ಯುವಕರಿಗೆ ಆಕೆಗೆ ಹೇಳಲು ಒಂದು ಸರಳ ಕನ್ನಡ ವಾಕ್ಯ ಹೊಳೆಯಲಿಲ್ಲ. ಅದು ಅವರ ಶ್ರದ್ಧೆಯ ಕೊರತೆಯಲ್ಲ, ತಯಾರಿಯ ಕೊರತೆ. ಪ್ರತಿ ಪಾಠವನ್ನೂ ಅದೇ ರಾತ್ರಿ ನಾಲ್ಕು ಸಾಲು ಕನ್ನಡದಲ್ಲಿ, ನಿಮ್ಮ ಅಜ್ಜಿಗೆ ಅರ್ಥವಾಗುವಂತೆ ಬರೆದಿಡುವ ಅಭ್ಯಾಸ ಮಾಡಿದರೆ ಈ ಕೊರತೆ ಉಳಿಯುವುದಿಲ್ಲ. ಬಲ್ಮಠದ ಪರಿಸರಕ್ಕೆ ಈ ದೃಷ್ಟಿಯಿಂದ ವಿಶೇಷ ಬೆಲೆ ಇದೆ: 1894ರಲ್ಲಿ ಕಿಟೆಲ್ ನಿಘಂಟನ್ನು ಅಚ್ಚು ಹಾಕಿದ ಬಾಸೆಲ್ ಮಿಷನ್ನಿನ ಪರಂಪರೆ ಅಲ್ಲಿಯದು, ಅದರ ಹಳೆಯ ಕಡತ ಮತ್ತು ಪುಸ್ತಕಗಳು ಆ ಕಾಲೇಜಿನ ಸಂಗ್ರಹದಲ್ಲಿವೆ.

ಸೇರುವ ಮೊದಲು ಕಾಲೇಜನ್ನು ತರಗತಿ ನಡೆಯುವ ದಿನವೇ ನೋಡಿ ಬನ್ನಿ. ಬೆಳಗಿನ ಪ್ರಾರ್ಥನೆಯಲ್ಲಿ ಕುಳಿತುಕೊಳ್ಳಿ, ವಿದ್ಯಾರ್ಥಿಗಳೊಡನೆ ಊಟ ಮಾಡಿ. ಗ್ರಂಥಾಲಯದಲ್ಲಿ ಐದಾರು ಸತ್ಯವೇದ (ಬೈಬಲ್) ವ್ಯಾಖ್ಯಾನಗಳನ್ನು ತೆರೆದು ಹಿಂದಿನ ಹಾಳೆಯ ತಾರೀಖಿನ ಮುದ್ರೆಗಳನ್ನು ನೋಡಿ. ಪುಸ್ತಕಗಳು ಓದುಗರ ಕೈಗೆ ಹೋಗುತ್ತಿವೆಯೇ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ಹಿರಿಯ ವಿದ್ಯಾರ್ಥಿಗಳನ್ನು, ಭಾನುವಾರದ ಸೇವೆಗೆ ಎಲ್ಲಿಗೆ ಕಳುಹಿಸುತ್ತಾರೆ, ಹಿಂದಿರುಗಿದ ಮೇಲೆ ಆ ಬಗ್ಗೆ ಯಾವ ಉಪಾಧ್ಯಾಯರು ಕೂತು ವಿಚಾರಿಸುತ್ತಾರೆ ಎಂದು ಕೇಳಿ. ನನ್ನ ಮಟ್ಟಿಗೆ ಕಟ್ಟಡಗಳಿಗಿಂತ ಈ ಉತ್ತರವೇ ಮುಖ್ಯ. ಮದುವೆಯಾದವರು ಕುಟುಂಬಕ್ಕೆ ಮನೆ ಸಿಗುತ್ತದೆಯೇ ಎಂಬುದನ್ನೂ ಆಗಲೇ ಕೇಳಿಬಿಡಬೇಕು.

ಸಿದ್ಧತೆಗೆ ಒಂದು ವರ್ಷ ಬೇಕು. ಪ್ರೊಟೆಸ್ಟಂಟರ ಸತ್ಯವೇದದ 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿವೆ. ದಿನಕ್ಕೆ ನಾಲ್ಕರಂತೆ ಗಟ್ಟಿಯಾಗಿ ಓದಿದರೆ ಸುಮಾರು ಹತ್ತು ತಿಂಗಳಲ್ಲಿ ಮುಗಿಯುತ್ತದೆ. ಅರ್ಥವಾಗದ್ದನ್ನು, ಒಪ್ಪಲು ಕಷ್ಟವಾದದ್ದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ, ಏಕೆಂದರೆ ತರಗತಿಯಲ್ಲಿ ಇಂಥ ಪ್ರಶ್ನೆಗಳು ಬಂದೇ ಬರುತ್ತವೆ, ಮೊದಲ ಬಾರಿಗೆ ಅಲ್ಲಿ ಕೇಳಿದವರು ತತ್ತರಿಸುತ್ತಾರೆ. ಸತ್ಯವೇದದ ಮೂಲ ಭಾಷೆಗಳಾದ ಗ್ರೀಕಿನ 24 ಅಕ್ಷರಗಳನ್ನೂ, ಬಲದಿಂದ ಎಡಕ್ಕೆ ಬರೆಯುವ ಹೀಬ್ರೂವಿನ 22 ಅಕ್ಷರಗಳನ್ನೂ ಮನೆಯಲ್ಲೇ ತಿದ್ದಿಕೊಳ್ಳಬಹುದು. ಗ್ರೀಕಿಗೆ ಹೆದರುವ ಕಾರಣವಿಲ್ಲ. ಕನ್ನಡದಲ್ಲಿ ವಾಕ್ಯವು, ವಾಕ್ಯದ, ವಾಕ್ಯಕ್ಕೆ, ವಾಕ್ಯವನ್ನು ಎನ್ನುವಂತೆಯೇ ಅಲ್ಲಿ ಲೋಗೊಸ್, ಲೋಗೂ, ಲೋಗೋ, ಲೋಗೊನ್ ಎಂದು ಪದದ ಕೊನೆ ಬದಲಾಗುತ್ತದೆ. ವಿಭಕ್ತಿ ನಮಗೆ ಹುಟ್ಟಿನಿಂದ ಬಂದದ್ದು. ಇದರ ಜೊತೆಗೆ ಸಂಡೇ ಸ್ಕೂಲಿನ ಒಂದು ತರಗತಿಯ ಹೊಣೆ ಹೊತ್ತುಕೊಳ್ಳಿ, ಅಯ್ಯನವರೊಂದಿಗೆ ರೋಗಿಗಳ ಮನೆಗೆ ಹೋಗಿ ಸುಮ್ಮನೆ ಪಕ್ಕದಲ್ಲಿ ಕೂರುವುದನ್ನು ಕಲಿಯಿರಿ.

ಕಾಗದಪತ್ರಗಳನ್ನು ಕೊನೆಯ ವಾರಕ್ಕೆ ಬಿಡಬೇಡಿ. ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರು ಇರುವುದು ನಮ್ಮಲ್ಲಿ ತೀರಾ ಸಾಮಾನ್ಯ. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಮಾಡಿಸಿ, ಸಭಾಪಾಲಕರ ಸಹಿ ಮತ್ತು ಮೊಹರಿರುವ ದೃಢೀಕರಣದ ಪತ್ರದ ಜೊತೆ ಅರ್ಜಿಗೆ ಲಗತ್ತಿಸಿ, ಮೂಲ ಪ್ರತಿಗಳನ್ನು ಮನೆಯಲ್ಲೇ ಇರಿಸಿಕೊಳ್ಳಿ.