ಇಳಕಲ್ ಸೀರೆಗೆ ಖಣದ ಕುಬಸ: ನಮ್ಮ ಮೈಗೆ ಒಪ್ಪುವಂತೆ ಹೊಲಿಸಿಕೊಳ್ಳುವ ಬಗೆ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಾಗಲಿ ಧಾರವಾಡದ ಸುಭಾಸ ರಸ್ತೆಯಲ್ಲಾಗಲಿ ಒಂದು ಇಳಕಲ್ ಸೀರೆಯನ್ನೂ ಅದಕ್ಕೊಪ್ಪುವ ಗುಳೇದಗುಡ್ಡದ ಖಣವನ್ನೂ (ಕುಬಸಕ್ಕೆಂದೇ ನೇಯುವ ದಡಿಯ ಬಟ್ಟೆ) ಆರಿಸಿ ತರುವುದು ಅರ್ಧ ದಿನದ ಕೆಲಸ. ಆ ಖಣವನ್ನು ಮೈಗೆ ಸರಿಯಾಗಿ ಕೂರುವ ಕುಬಸವನ್ನಾಗಿ, ಅಂದರೆ ರವಿಕೆಯನ್ನಾಗಿ, ಹೊಲಿಸಿಕೊಳ್ಳುವುದಕ್ಕೆ ಮಾತ್ರ ಹೆಚ್ಚಿನ ತಾಳ್ಮೆಯೂ ಒಂದಿಷ್ಟು ತಿಳಿವಳಿಕೆಯೂ ಬೇಕು. ಕುಬಸ ಸರಿಯಾಗಿ ಕೂರದಿದ್ದಾಗ ಹೊಲಿಗೆಯನ್ನು ಅನುಮಾನಿಸುವ ಬದಲು ತಮ್ಮ ಮೈಯನ್ನೇ ಹಳಿದುಕೊಂಡು, ಸೀರೆಯನ್ನು ಟ್ರಂಕಿನ ತಳಕ್ಕೆ ಸೇರಿಸಿಬಿಡುವ ಹೆಂಗಸರನ್ನು ನಾನು ಬಹಳ ಕಂಡಿದ್ದೇನೆ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ಎರಡು ವರ್ಷ ನಾನೂ ಹಾಗೆಯೇ ಮಾಡಿದ್ದೆ.

ಗದಗಿನಲ್ಲಿ ನಮ್ಮ ಸೋದರಮಾವನ ಮಗಳ ಮದುವೆಗೆಂದು ದಾಳಿಂಬೆ ಬಣ್ಣದ ಸೀರೆಯ ಜೊತೆಗೆ ಖಣದ ಕುಬಸ ಹೊಲಿಸಿದ್ದೆ. ಮಂಗಲಾಷ್ಟಕ ಮುಗಿದು ಅಕ್ಕಿಕಾಳು ಹಾಕುವ ಹೊತ್ತಿಗೆ ಕೈ ಎತ್ತಲು ನೋಡಿದರೆ ತೋಳು ಭುಜದ ಮಟ್ಟಕ್ಕಿಂತ ಮೇಲೇಳಲಿಲ್ಲ. ಕಾಳುಗಳೆಲ್ಲ ನನ್ನ ಮುಂದೆ ನಿಂತಿದ್ದವರ ಬೆನ್ನ ಮೇಲೆ ಬಿದ್ದವು. ಮರಳಿ ಬಂದು ಹೊಲಿದವರನ್ನು ಕೇಳಿದಾಗ, "ಹೊಲಿಗಿ ಬರೋಬ್ಬರಿ ಐತ್ರಿ, ನಿಮ್ಮ ತೋಳ ದಪ್ಪ ಅದಾವು" ಎಂಬ ಉತ್ತರ ಬಂತು. ಆ ಮಾತನ್ನು ನಾನು ನಂಬಿದೆ. ಮುಂದೆ ಧಾರವಾಡದ ಮಾಳಮಡ್ಡಿಯಲ್ಲಿ ಮನೆಯಲ್ಲೇ ಹೊಲಿಯುವ ಹೆಣ್ಣುಮಗಳೊಬ್ಬಳು ಅದೇ ಕುಬಸವನ್ನು ಒಳಮಗ್ಗುಲು ಹೊರಳಿಸಿ, ಕಂಕುಳ ಹತ್ತಿರ ಬೆರಳಿಟ್ಟು ತೋರಿಸಿದಳು: "ತೋಳಿಂದೇನೂ ತಪ್ಪಿಲ್ಲ ಬಿಡ್ರಿ ಅಕ್ಕಾರ, ಬಗಲ ಭಾಳ ಕೆಳಗ ಕತ್ತರಿಸ್ಯಾರ, ಬಿಚ್ಚೇನಂದ್ರ ಒಳಗ ಅರ್ಧ ಬೆರಳೂ ಬಟ್ಟಿ ಬಿಟ್ಟಿಲ್ಲ." ಈ ಬರಹದಲ್ಲಿ ಹೇಳಿರುವ ಹೆಚ್ಚಿನ ಸಂಗತಿಗಳನ್ನು ನಾನು ಕಲಿತದ್ದು ಅವಳ ಹೊಲಿಗೆ ಯಂತ್ರದ ಪಕ್ಕದಲ್ಲಿ ಕುಳಿತು.

ನಮ್ಮ ಅಜ್ಜಿಯಂದಿರ ಕಾಲದ ಕುಬಸದಲ್ಲಿ ಈ ತೊಂದರೆ ಕಡಿಮೆಯಿತ್ತು. ಅದಕ್ಕೆ ಮುಂದುಗಡೆ ಗುಂಡಿಗಳಿರಲಿಲ್ಲ. ಎದೆಯ ಕೆಳಗೆ ಎರಡೂ ತುದಿಗಳನ್ನು ತಂದು ಗಂಟು ಹಾಕುತ್ತಿದ್ದರು. ಬಸಿರಿಯಾದಾಗ ಗಂಟು ಸಡಿಲವಾಗುತ್ತಿತ್ತು, ಮೈ ಇಳಿದಾಗ ಬಿಗಿಯಾಗುತ್ತಿತ್ತು, ಬಟ್ಟೆ ಮಾತ್ರ ಅದೇ ಇರುತ್ತಿತ್ತು. ಕೈ ಸಲೀಸಾಗಿ ಆಡಲೆಂದು ಕಂಕುಳಲ್ಲಿ ಒಂದು ಸಣ್ಣ ತುಂಡನ್ನು ಬೇರೆಯಾಗಿ ಕೂಡಿಸುತ್ತಿದ್ದರು. ಏಳನೆಯ ಇಲ್ಲವೆ ಒಂಬತ್ತನೆಯ ತಿಂಗಳಿನ ಸೀಮಂತವನ್ನು ನಮ್ಮ ಕಡೆ ಇಂದಿಗೂ 'ಕುಬಸ ಮಾಡುವುದು' ಎಂದೇ ಕರೆಯುತ್ತೇವೆ ಎಂಬುದನ್ನು ನೆನೆದರೆ, ಬದಲಾಗುವ ಮೈಗೂ ಈ ಉಡುಪಿಗೂ ಇರುವ ನಂಟು ತಿಳಿಯುತ್ತದೆ. ಗುಂಡಿಯ, ಅಳತೆಗೆ ಕತ್ತರಿಸಿದ 'ಜಂಪರು' ಬಂದದ್ದು ಆಮೇಲೆ. ಆ ಹೆಸರೇ ಇಂಗ್ಲಿಷಿನದು. ಕವಿ ರವೀಂದ್ರರ ಅಣ್ಣ ಸತ್ಯೇಂದ್ರನಾಥ ಟಾಗೋರರ ಪತ್ನಿ ಜ್ಞಾನದಾನಂದಿನಿ ದೇವಿಯವರು 1860ರ ದಶಕದಲ್ಲಿ ಮುಂಬಯಿಗೆ ಬಂದಾಗ ಪಾರ್ಸಿ ಹೆಂಗಸರು ಸೀರೆ ಉಡುವ ರೀತಿಯನ್ನು ನೋಡಿ ತಮಗೊಪ್ಪುವಂತೆ ಮಾರ್ಪಡಿಸಿಕೊಂಡರು. ಅದರೊಂದಿಗೆ ಹೊಲಿದ ರವಿಕೆಯೂ ಒಳಲಂಗವೂ ಬಂಗಾಳದ ಓದಿದ ಮನೆತನಗಳಿಗೆ ಹೋದವು. ಇದೇ ಸತ್ಯೇಂದ್ರನಾಥರು ಮುಂದೆ ನಮ್ಮ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1894ರಲ್ಲಿ ರವಿವರ್ಮ ತೆರೆದ ಮುದ್ರಣಾಲಯದ ಚಿತ್ರಗಳು ಸೀರೆಯುಟ್ಟ ಲಕ್ಷ್ಮಿ ಸರಸ್ವತಿಯರನ್ನು ಮನೆಮನೆಯ ಗೋಡೆಗೆ ತಂದವು.

ಇನ್ನು ಸಿದ್ಧ ಉಡುಪಿನ ಕಾಲರಿನ ಮೇಲಿರುವ ಅಂಕಿಯ ವಿಷಯ. 1939-40ರಲ್ಲಿ ಅಮೆರಿಕದ ಕೃಷಿ ಇಲಾಖೆ ಸುಮಾರು 15,000 ಹೆಂಗಸರ ಮೈಯಿಂದ ತಲಾ 59 ಅಳತೆಗಳನ್ನು ತೆಗೆಸಿತು. ಬಿಳಿಯರಲ್ಲದವರ ಅಳತೆಗಳನ್ನು ಲೆಕ್ಕದಿಂದ ಕೈಬಿಟ್ಟಿತು. ಆ ಲೆಕ್ಕವನ್ನು ಆಧರಿಸಿ 1958ರಲ್ಲಿ ಅಲ್ಲಿ ಹೆಂಗಸರ ಉಡುಪಿನ ಅಳತೆಗಳ ಮಾನಕವೊಂದು ಹೊರಬಂತು. ಅದು ಹೆಚ್ಚಿನವರ ಮೈಗೆ ಹೊಂದಲೇ ಇಲ್ಲವಾದ್ದರಿಂದ 1983ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಭಾರತೀಯರ ಮೈಯಿಂದಲೇ ಅಳತೆಯ ಪಟ್ಟಿ ಕಟ್ಟುವ ಕೆಲಸವನ್ನು ನಮ್ಮ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಕೈಗೆತ್ತಿಕೊಂಡದ್ದು ತೀರ ಈಚೆಗೆ. ಆದ್ದರಿಂದ ಅಂಗಡಿಯ ಕನ್ನಡಿಯ ಮುಂದೆ 'ಎಲ್' ಹಿಡಿಸದೆ 'ಎಕ್ಸ್‌ಎಲ್' ತರಿಸಿದಾಗ ನಾಚಿಕೆಪಡುವ ಕಾರಣವೇ ಇಲ್ಲ. ಆ ಅಕ್ಷರಗಳನ್ನು ಗೊತ್ತುಮಾಡಿದವರು ನಮ್ಮನ್ನು ನೋಡಿಯೇ ಇರಲಿಲ್ಲ.

ಈಗ ಖಣಕ್ಕೆ ಬರೋಣ. ಖಣದ ಅಗಲ ಕಡಿಮೆ. ಎರಡೂ ಬದಿಗೆ ಉದ್ದಕ್ಕೂ ದಡಿ ಇರುತ್ತದೆ. ಕುಬಸದ ಕೆಳತುದಿಗೂ ಎರಡು ತೋಳುಗಳ ತುದಿಗೂ ದಡಿ ಬರಬೇಕಾದ್ದರಿಂದ ಎಷ್ಟು ಬಟ್ಟೆ ಬೇಕೆಂಬುದನ್ನು ದಡಿಯ ಉದ್ದದ ಮೇಲೆಯೇ ಲೆಕ್ಕ ಹಾಕಬೇಕು. ಎದೆಯ ಕೆಳಗಿನ ಸುತ್ತಳತೆ 34 ಅಂಗುಲ, ತೋಳಿನ ತುದಿಯ ಸುತ್ತಳತೆ 13 ಅಂಗುಲ ಇದೆಯೆನ್ನಿ. 34ಕ್ಕೆ ಎರಡು ತೋಳಿನ 26 ಕೂಡಿಸಿದರೆ 60. ಹೊಲಿಗೆಯೊಳಗೆ ಬಿಡುವ ಬಟ್ಟೆಗೆ 8 ಅಂಗುಲ ಸೇರಿಸಿದರೆ 68. ಒಂದು ಮೀಟರ್ ಖಣದಲ್ಲಿ ಎರಡು ದಡಿಗಳಿಂದ ಸುಮಾರು 78 ಅಂಗುಲ ಸಿಗುವುದರಿಂದ ಅಷ್ಟು ಸಾಕು. ಕೆಳಸುತ್ತು 38, ತೋಳು 16 ಇರುವವರಿಗೆ ಇದೇ ಲೆಕ್ಕ ನೇರವಾಗಿ 78ಕ್ಕೆ ಬಂದು ಮುಟ್ಟುತ್ತದೆ, ಒಂದು ಬೆರಳಿನ ಆಚೀಚೆಗೂ ಆಸ್ಪದವಿರುವುದಿಲ್ಲ. ಅಂಥವರು ಒಂದೂಕಾಲು ಮೀಟರ್ ತೆಗೆದುಕೊಳ್ಳಬೇಕು. ಬಟ್ಟೆ ಕಡಿಮೆ ಬಿದ್ದಾಗ ಹೊಲಿಯುವವರು ಮೊದಲು ಕೈಯಿಡುವುದು ಹೊಲಿಗೆಯೊಳಗಿನ ಅಂಚಿಗೆ, ಮೈ ಬಿಗಿಯುವುದು ಅಲ್ಲಿಂದಲೇ ಶುರುವಾಗುತ್ತದೆ. ಕಾಲು ಮೀಟರಿಗೆ ಕೊಡುವ ಹಣ ಇಲ್ಲಿ ಖಂಡಿತ ದಂಡವಲ್ಲ.

ಅಂಗಡಿಯಲ್ಲಿ ಖಣವನ್ನು ಹಿಂದುಮುಂದು ಮಾಡಿ ನೋಡಿ. ಮೇಲ್ಮೈಯಲ್ಲಿ ಸೂಜಿ ಮಲ್ಲಿಗೆಯೋ ತೇರೋ ಎದ್ದು ಕಾಣುವಲ್ಲಿ ಹಿಂಬದಿಗೆ ದಾರಗಳು ಸಡಿಲವಾಗಿ ಹಾಯ್ದಿರುತ್ತವೆ. ಅವು ಉಂಗುರಕ್ಕೂ ಬಳೆಗೂ ಸಿಕ್ಕಿಕೊಳ್ಳುವುದರಿಂದ ಒಳಗೆ ತೆಳುವಾದ ಹತ್ತಿಯ ಅಸ್ತರ ಬೇಕೇ ಬೇಕು. ನೂಲು ಯಾವುದೆಂಬ ಅನುಮಾನವಿದ್ದರೆ ಅಂಚಿನ ಎರಡು ಎಳೆ ಕಿತ್ತು ಮನೆಯಲ್ಲಿ ಸುಟ್ಟು ನೋಡಬಹುದು: ರೇಷ್ಮೆ ಕೂದಲು ಸುಟ್ಟ ವಾಸನೆ ಬೀರುತ್ತದೆ, ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಆ ಮಣಿಯಾಗುವ ಬಟ್ಟೆಯನ್ನು ಮೈಗಂಟಿಸಿಕೊಂಡು ಕೂರುವುದು ಕಷ್ಟ. ಅಸ್ತರವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಒಣಗಿಸಿ, ಇಸ್ತ್ರಿ ಮಾಡಿಯೇ ಹೊಲಿಯಲು ಕೊಡಿ. ಹಾಗೆ ಮಾಡದಿದ್ದರೆ ಮೊದಲ ಒಗೆತಕ್ಕೆ ಅಸ್ತರ ಕುಗ್ಗಿ ಮೇಲಿನ ಖಣ ಸುಕ್ಕುಗಟ್ಟುತ್ತದೆ. ಒದ್ದೆ ಬಿಳಿ ಬಟ್ಟೆಯನ್ನು ಖಣದ ಮೂಲೆಗೆ ಒತ್ತಿ ಹಿಡಿದರೆ ಬಣ್ಣ ಬಿಡುತ್ತದೆಯೋ ಇಲ್ಲವೋ ತಿಳಿಯುತ್ತದೆ.

ಅಳತೆಗೆ ಹಳೆಯ ಜಂಪರೊಂದನ್ನು ಕೊಟ್ಟು ಬರುವುದು ನಮ್ಮಲ್ಲಿ ರೂಢಿ. ಆ ಜಂಪರು ನಾಲ್ಕು ವರ್ಷದ ಹಿಂದಿನ ಮೈಯ ಅಳತೆ ಎಂಬುದನ್ನು ಮರೆಯಬಾರದು. ಅದರಲ್ಲಿದ್ದ ತಪ್ಪೂ ಹೊಸದಕ್ಕೆ ಹಾಗೆಯೇ ಇಳಿಯುತ್ತದೆ. ಅಳತೆಯನ್ನು ಹೊಸದಾಗಿ, ಮೈಯಿಂದಲೇ ತೆಗೆಯಿಸಬೇಕು, ಕುಬಸದೊಳಗೆ ತೊಡುವ ಒಳ ಉಡುಪನ್ನೇ ತೊಟ್ಟು ತೆಗೆಯಿಸಬೇಕು. ತಾನೇ ತನ್ನ ಅಳತೆ ತೆಗೆದುಕೊಂಡರೆ ಬೆನ್ನ ಹಿಂದೆ ಟೇಪು ಜಾರುತ್ತದೆ. ಅಕ್ಕನೋ ತಂಗಿಯೋ ಗೆಳತಿಯೋ ಜೊತೆಗಿದ್ದರೆ ಒಳ್ಳೆಯದು. ಟೇಪು ಮೈಗೆ ತಾಗಿಕೊಂಡಿರಬೇಕು, ಆದರೆ ಮೈಯನ್ನು ಒತ್ತಬಾರದು. ಆ ಗಳಿಗೆಯಲ್ಲಿ ನಾವೆಲ್ಲರೂ ನಮಗೇ ತಿಳಿಯದಂತೆ ಉಸಿರು ಹಿಡಿದು ಹೊಟ್ಟೆ ಎಳೆದುಕೊಳ್ಳುತ್ತೇವೆ. ಎರಡು ಸಲ ಉಸಿರಾಡಿ, ಉಸಿರು ಬಿಟ್ಟ ಮೇಲೆ ಅಂಕಿಯನ್ನು ಓದಬೇಕು. ಎದೆಯ ಕೆಳಗಿನ ಸುತ್ತನ್ನು ನಿಂತು ಒಂದು ಸಲ, ನೆಲದ ಮೇಲೆ ಕುಳಿತು ಒಂದು ಸಲ ತೆಗೆದು ದೊಡ್ಡದನ್ನು ಬರೆದುಕೊಳ್ಳಿ, ಮದುವೆಯ ಪಂಕ್ತಿಯಲ್ಲಿ ಉಣ್ಣುವುದು ಕುಳಿತಲ್ಲವೆ? ತೋಳಿನ ಸುತ್ತಳತೆಯನ್ನು ಕೈ ಇಳಿಬಿಟ್ಟು ತೆಗೆಯುವುದಲ್ಲ. ಮೊಣಕೈ ಮಡಚಿ ಮುಷ್ಟಿ ಹಿಡಿದಾಗ ತೋಳು ಎಷ್ಟು ತುಂಬಿಕೊಳ್ಳುತ್ತದೆಯೋ ಅದೇ ನಿಜವಾದ ಅಳತೆ.

ಹೊಲಿಯುವವರಿಗೆ ಮೂರು ಮಾತನ್ನು ಬಾಯಿಬಿಟ್ಟು ಹೇಳಲೇಬೇಕು. ಎದೆಯ ಸುತ್ತಿಗೆ ಒಂದರಿಂದ ಒಂದೂವರೆ ಅಂಗುಲ ಸಡಿಲು ಇಡಿ, ಏಕೆಂದರೆ ಖಣ ಹಿಗ್ಗುವ ಬಟ್ಟೆಯಲ್ಲ. ಬದಿಯ ಹೊಲಿಗೆಯೊಳಗೆ ಒಂದು ಅಂಗುಲ ಬಟ್ಟೆ ಬಿಟ್ಟು, ಎಳೆ ಬಿಚ್ಚದಂತೆ ಅಂಚಿಗೆ ಓವರ್‌ಲಾಕ್ ಮಾಡಿ. ಬಗಲನ್ನು, ಅಂದರೆ ತೋಳು ಕೂಡಿಸುವ ಸುತ್ತಿನ ಕೆಳಭಾಗವನ್ನು, ಕಂಕುಳಿಗೆ ಹತ್ತಿರವಾಗಿ, ಮೇಲಕ್ಕೇ ಕತ್ತರಿಸಿ. ಕೊನೆಯದು ಕೇಳಲು ವಿಚಿತ್ರವೆನಿಸಬಹುದು. ಬಗಲು ಕೆಳಗಿದ್ದಷ್ಟೂ ಸಡಿಲವೆಂದು ನಾನೂ ಭಾವಿಸಿದ್ದೆ. ಬಗಲು ಕೆಳಗಿಳಿದರೆ ಕೈ ಎತ್ತಿದಾಗ ತೋಳು ಇಡೀ ಕುಬಸವನ್ನೇ ಮೇಲಕ್ಕೆಳೆಯುತ್ತದೆ; ಮೇಲಿದ್ದರೆ ತೋಳಷ್ಟೇ ಏಳುತ್ತದೆ, ಕುಬಸ ಇದ್ದಲ್ಲೇ ಇರುತ್ತದೆ. ಕಚ್ಚಾ ಹೊಲಿಗೆ ಹಾಕಿದ ಮೇಲೆ ಒಮ್ಮೆ ತೊಟ್ಟು ನೋಡಲು ಹೋಗಿ, ಅಲ್ಲಿ ಕನ್ನಡಿಯ ಮುಂದೆ ಸುಮ್ಮನೆ ನಿಲ್ಲಬೇಡಿ: ಮಾಡಿನ ಮೇಲಿನ ಡಬ್ಬಿಗೆ ಕೈ ಚಾಚಿದಂತೆ ಮಾಡಿ, ಬಗ್ಗಿ ಕಾಲು ಮುಟ್ಟಿ, ಜಡೆ ಹೆಣೆಯುವಂತೆ ಎರಡೂ ಕೈಯನ್ನು ತಲೆಯ ಹಿಂದಕ್ಕೆ ಒಯ್ಯಿರಿ. ಎಲ್ಲಿ ಬಿಗಿಯುತ್ತದೆಯೋ ಅಲ್ಲಿ ಅವರ ಮುಂದೆಯೇ ಸೀಮೆಸುಣ್ಣದ ಗುರುತು ಬೀಳಲಿ. ನಿಮ್ಮ ಮೈಯ ಬಗ್ಗೆ ಟೀಕೆ ಬಂದರೆ, "ಮೈ ಇರೂದ ಹಿಂಗ್ರಿ, ಬಟ್ಟಿ ಸರಿ ಮಾಡ್ರಿ" ಎಂದು ಸಮಾಧಾನದಿಂದ ಹೇಳಿ ಸುಮ್ಮನಿದ್ದರಾಯಿತು.

ಬಣ್ಣದ ವಿಷಯದಲ್ಲಿ ನಮ್ಮ ಹಿರಿಯರಿಂದಲೇ ಎರಡು ಬಗೆಯ ಮಾತು ಬಂದಿವೆ. ಕಪ್ಪು ಮೈಬಣ್ಣದವರಿಗೆ ಗಾಢ ಬಣ್ಣ ಒಪ್ಪುವುದಿಲ್ಲವೆಂದು ಹೇಳುವ ಮನೆಯಲ್ಲೇ, ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಹಾಕಿಸಿ ಮದುಮಗಳಿಗೆ ಉಡಿಸುವ ಪದ್ಧತಿಯೂ ಇತ್ತು. ಮದುಮಗಳ ಮೈಬಣ್ಣ ಕೇಳಿ ಆ ಸೀರೆ ಉಡಿಸಿದವರಿಲ್ಲ. ಬಣ್ಣವನ್ನು ಅಂಗಡಿಯ ದೀಪದ ಕೆಳಗೆ ತೀರ್ಮಾನಿಸಬೇಡಿ. ಸೀರೆಯನ್ನು ಬಾಗಿಲಿನವರೆಗೆ ಒಯ್ದು, ಹಗಲು ಬೆಳಕಿನಲ್ಲಿ ಸೆರಗನ್ನು ಗಲ್ಲದ ಪಕ್ಕಕ್ಕೆ ಹಿಡಿದು, ಮೊದಲು ಕಣ್ಣಿಗೆ ಬಿದ್ದದ್ದು ಮುಖವೋ ಬಟ್ಟೆಯೋ ಎಂದು ಜೊತೆಗಿದ್ದವರನ್ನು ಕೇಳಿ. ಮುಖವೆಂದರೆ ಆ ಬಣ್ಣ ನಿಮ್ಮದು. ಅಲ್ಲೇ ಒಡಲು ಮುಗಿದು ಕೆಂಪು ಸೆರಗು ಶುರುವಾಗುವಲ್ಲಿ ಬೆರಳಾಡಿಸಿ ನೋಡಿ: ಕೈಮಗ್ಗದ ಇಳಕಲ್ಲಿನಲ್ಲಿ ಒಡಲಿನ ಹಾಸನ್ನೂ (ಉದ್ದಕ್ಕೆ ಹಾಯುವ ಎಳೆಗಳು) ಸೆರಗಿನ ಹಾಸನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸಿರುತ್ತಾರೆ, ಆ ಸಾಲು ಬೆರಳಿಗೆ ಸಣ್ಣಗೆ ಸಿಗುತ್ತದೆ. ಅದರಾಚೆಗೆ ಬಿಳಿಯ ತೆನೆಗಳು, ಬಾಚಣಿಕೆಯ ಹಲ್ಲುಗಳು, ಕೋಟೆಯ ತೆನೆಗೋಡೆ.

ಕುಳ್ಳಗಿರುವವರು ಅಗಲ ದಡಿ ಉಡಬಾರದೆಂಬ ಮಾತಿನಲ್ಲಿ ನನಗೆ ನಂಬಿಕೆಯಿಲ್ಲ. ನಿರಿಗೆಗಳನ್ನು ಸಣ್ಣದಾಗಿ, ಒಂದರ ಮೇಲೊಂದು ಸಮನಾಗಿ ಹಿಡಿದು ನೆಲ ತಾಗುವಷ್ಟು ಇಳಿಬಿಟ್ಟರೆ ಗೋಮಿಯಂಥ ಅಗಲ ದಡಿಯೂ ಚೆನ್ನಾಗಿಯೇ ಒಪ್ಪುತ್ತದೆ. ಹೊಸ ಇಳಕಲ್ಲಿಗೆ ಗಂಜಿ ಹೆಚ್ಚು, ಸೊಂಟದ ಸುತ್ತ ಉಬ್ಬಿ ನಿಲ್ಲುತ್ತದೆ. ಒಮ್ಮೆ ತಣ್ಣೀರಿನಲ್ಲಿ ಸೆರಗನ್ನು ಬೇರೆ ಹಿಡಿದು ಅದ್ದಿ, ನೆರಳಿನಲ್ಲಿ ಒಣಗಿಸಿ ಉಟ್ಟರೆ ಮೈಗೆ ಒಗ್ಗುತ್ತದೆ. ಒಳಲಂಗಕ್ಕೆ ತೆಳು ಲಾಡಿಯ ಬದಲು ಎರಡು ಬೆರಳಗಲದ ಪಟ್ಟಿ ಹೊಲಿಸಿ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿಗಿದ ಲಾಡಿ ಸೊಂಟದ ಚರ್ಮವನ್ನು ಕಪ್ಪಾಗಿಸುತ್ತದೆ, ಕೆರೆತ ಎಬ್ಬಿಸುತ್ತದೆ. ಅಲ್ಲಿ ಮಾಯದ ಗಾಯವಿದ್ದರೆ ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು.

ಉಟ್ಟಾದ ಮೇಲೆ ಬೆವರು ಆರುವವರೆಗೆ ಕುಬಸವನ್ನು ಗಾಳಿಗೆ ಹಾಕಿ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿಡಿ. ಮೈ ಬದಲಾಯಿತೆಂದು ಹೊಸದನ್ನು ಹೊಲಿಸುವ ಮೊದಲು ಬದಿಯ ಹೊಲಿಗೆ ಬಿಚ್ಚಿಸಿ. ಒಂದೊಂದು ಅಂಚು ಅಂಗುಲ ಬಿಟ್ಟಿದ್ದರೆ ಎರಡು ಬದಿಗೂ ಸೇರಿ ಮೂರು ಅಂಗುಲದವರೆಗೆ ಹಿಗ್ಗಿಸಬಹುದು. ನಮ್ಮ ಅವ್ವನ ಹಸಿರು ಖಣದ ಕುಬಸವನ್ನು ಹಾಗೆ ನನ್ನ ಅಳತೆಗೆ ಬಿಚ್ಚಿಸಿದಾಗ, ಹೊಲಿಗೆಯೊಳಗೆ ಬೆಳಕು ಕಾಣದೆ ಉಳಿದಿದ್ದ ಬಟ್ಟೆ ಎರಡು ಬದಿಗೂ ಗಿಳಿಹಸಿರಿನ ಪಟ್ಟಿಯಾಗಿ ಹೊರಬಂತು. ಉಳಿದ ಕುಬಸ ಮಾಸಿ ಎಲೆಹಸಿರಾಗಿತ್ತು. ಇಂಥ ಪಟ್ಟಿ ಬೇಡವೆನಿಸಿದರೆ ಅದರ ಗೆರೆಗುಂಟ ಎರಡೂ ಮಗ್ಗುಲಿಗೆ ಒಂದೇ ತರ ಕಾಣುವ ಗವಂತಿ ಕಸೂತಿಯ ಎರಡು ಸಾಲು ಹಾಕಿಸಬಹುದು. ನಾನು ಅದನ್ನು ಹಾಗೆಯೇ ತೊಡುತ್ತೇನೆ.